ಎಣ್ಣೆ ಒತ್ತಿ ತಿಂದ ಮೂರು ತಿಂಗಳು

ನಮ್ಮ ಮನೆಯಲ್ಲಿ ಒಲೆಯ ಮೇಲೆ ಕಡಾಯಿ ಏರಿತೆಂದರೆ ಏನಾದರೊಂದು ಆಗಿಯೇ ತೀರುತ್ತದೆ. ಬೇರೆಯವರ ಮನೆಯಲ್ಲಿ ಕಡಾಯಿ ಏರಿದರೆ ಹಬ್ಬ. ನಮ್ಮಲ್ಲಿ ಅದು ಪರೀಕ್ಷೆ. ಅದರಲ್ಲೂ ಹೋದ ವರ್ಷ ಗಣಪತಿಯಿಂದ ದೀಪಾವಳಿಯ ನಂತರದವರೆಗೆ ನಡೆದದ್ದನ್ನು ಈಗ ನೆನೆದರೆ ನಗು ಬರುತ್ತದೆ. ಆಗ ಮಾತ್ರ ನನಗೆ ಒಂದು ದಿನವೂ ನೆಟ್ಟಗೆ ನಗು ಬಂದಿರಲಿಲ್ಲ.

ಕಾರಣ ನಮ್ಮ ಮನೆಯವರ ಎದೆ. ಅವರು ಲಿಫ್ಟ್ ಕಂಪನಿಯಲ್ಲಿ ಸೂಪರ್‌ವೈಸರ್. ಪುಣೆಯ ಯಾವ ಮೂಲೆಯಲ್ಲಿ ಲಿಫ್ಟ್ ಕೆಟ್ಟರೂ ಓಡುವವರು. ಗಣಪತಿ ಹಬ್ಬಕ್ಕೆ ಒಂದು ತಿಂಗಳಿದೆ ಎನ್ನುವಾಗ ಅವರ ಎದೆಯೇ ಕೆಟ್ಟು ನಿಂತಿತು. ಒಂದು ಸ್ಟೆಂಟ್ ಹಾಕಿದರು. ಹಬ್ಬದ ಹಿಂದಿನ ವಾರ ತೋರಿಸಲು ಹೋದಾಗ ಡಾಕ್ಟರು ಹುಬ್ಬು ಗಂಟಿಕ್ಕಿಕೊಂಡು, "ಇನ್ನೊಂದು ರಕ್ತನಾಳದಲ್ಲೂ ಸಣ್ಣದಾಗಿ ತಡೆ ಇದೆ. ಮೂರು ತಿಂಗಳು ನೋಡೋಣ. ರಕ್ತದಲ್ಲಿ ಕೊಬ್ಬು ಇಳಿದರೆ ಸರಿ. ಇಳಿಯದಿದ್ದರೆ ಮತ್ತೆ ನಳಿಕೆ ತೂರಿಸಿ ಒಳಗೆ ನೋಡಬೇಕಾಗುತ್ತದೆ" ಎಂದರು. ಕರಿದದ್ದು ತಿನ್ನಬಹುದೇ ಎಂದು ನಮ್ಮವರು ನಾಚಿಕೆ ಬಿಟ್ಟು ಕೇಳಿದರು. "ಪೂರ್ತಿ ಬಿಡಿ ಅಂದರೆ ಕದ್ದು ತಿನ್ನುತ್ತೀರಿ. ವಾರಕ್ಕೊಮ್ಮೆ, ಮನೆಯಲ್ಲಿ, ಎರಡೇ ಎರಡು. ಅದೂ ಎಣ್ಣೆ ತೆಗೆದು."

ಆ 'ಎಣ್ಣೆ ತೆಗೆದು' ಎನ್ನುವ ಒಂದು ಮಾತು ನಮ್ಮ ಮನೆಯ ನೆಮ್ಮದಿಯನ್ನೆಲ್ಲ ತೆಗೆದುಬಿಟ್ಟಿತು. ನಾನು ಕಾಲೇಜೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಅಸಿಸ್ಟೆಂಟ್. ಅಳೆಯುವುದು, ಸೋಸುವುದು, ಬರೆದಿಡುವುದು ನನ್ನ ಕಸುಬು. ನಮ್ಮ ಅತ್ತೆಯವರು ಧಾರವಾಡದವರು, ಎಂಬತ್ತು ದಾಟಿದೆ. ಕರಿಯುವುದು ಅವರ ಕಸುಬು. ಒಂದೇ ಅಡುಗೆಮನೆ, ಇಬ್ಬರು ಕಸುಬುದಾರರು, ನಡುವೆ ಒಂದು ಎದೆ.

ಹನ್ನೊಂದು ಪೂರಿ

ಗಣಪತಿ ಕೂತ ದಿನ ಎದುರು ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎನ್ನುವವರು, ನಮ್ಮನ್ನು ಊಟಕ್ಕೆ ಕರೆದರು. ಹೋಗದಿದ್ದರೆ ತಪ್ಪಾಗುತ್ತದೆ, ಹೋದರೆ ಪೂರಿ ಇರುತ್ತದೆ. ನಾನು ಅಂಗಡಿಯಿಂದ ಫಿಲ್ಟರ್ ಪೇಪರಿನ ಪ್ಯಾಕೆಟ್ ತಂದಿಟ್ಟಿದ್ದೆ. ಅದರಿಂದ ಎರಡು ಹಾಳೆ ತೆಗೆದು ಇವರ ಜೇಬಿಗೆ ಹಾಕಿದೆ. "ಎರಡ ಪೂರಿ. ನಡುವ ಇಟ್ಟು ಒತ್ತಿ, ಆಮ್ಯಾಲ ತಿನ್ರಿ" ಅಂತ ಹೇಳಿಕೊಟ್ಟೆ.

ಇವರು ಹೇಳಿದಂತೆಯೇ ಮಾಡಿದರು. ಉಬ್ಬಿದ ಪೂರಿಗೆ ಬೆರಳಿಂದ ತೂತು ಹಾಕಿ, ಪೇಪರುಗಳ ನಡುವೆ ಇಟ್ಟು, ಅಂಗೈಯಿಂದ ಇಸ್ತ್ರಿ ಮಾಡಿದಂತೆ ಒತ್ತಿದರು. ಬಡಿಸುತ್ತಿದ್ದ ಕಾಕು ನಿಂತುಬಿಟ್ಟರು. ಪೂರಿಗೆ ಏನಾದರೂ ಅಂಟಿದೆಯೇನೋ, ಅತಿಥಿ ಒರೆಸಿ ತಿನ್ನುತ್ತಿದ್ದಾರೆ ಎಂದು ಅವರಿಗೆ ಗಾಬರಿ. "ಕಾಹೀ ಲಾಗಲಂಯ್ ಕಾ?" ಎಂದು ಕೇಳಿದರು, ಏನಾದರೂ ಹತ್ತಿದೆಯಾ ಅಂತ. ಇವರು "ನಾಹೀ, ನಾಹೀ" ಎಂದರು. ಎದೆಯ ಸುದ್ದಿ ಹಬ್ಬದ ದಿನ ಎತ್ತಬಾರದೆಂದು ನಾನೇ ಬಾಯಿಗೆ ಬೀಗ ಹಾಕಿಸಿದ್ದೆ. ಕಾಕು ನಂಬಲಿಲ್ಲ. ತಾಟಿಗೆ ಬಿದ್ದದ್ದನ್ನು ಹಿಂದೆ ತೆಗೆಯುವಂತಿಲ್ಲವಲ್ಲ, ಪಕ್ಕದಲ್ಲಿ ಬಿಸಿಬಿಸಿಯಾಗಿ ಬೇರೆ ಎರಡು ಇಟ್ಟರು. ಇವರು ಅದನ್ನೂ ಒತ್ತಿದರು. ಕಾಕು ಒಳಗೆ ಹೋಗಿ ಯಾರನ್ನೋ ಗದರಿಸಿ, ಕರಿಯುವ ಝಾರಾ ಸೌಟು ತೊಳೆಸಿ, ಮೂರು ತಂದರು. ಕೊನೆಗೆ ಅವರ ಯಜಮಾನರಾದ ಕಾಕಾರೇ ಸ್ವತಃ ಎದ್ದು ಬಂದು ಮಾನ ಉಳಿಸುವವರಂತೆ ನಾಲ್ಕು ಹಾಕಿದರು. ಹೆಂಗಸರ ಪಂಕ್ತಿಯಲ್ಲಿ ಕುಳಿತು ನಾನು ಕಣ್ಣಲ್ಲೇ ಕೂಗಾಡುತ್ತಿದ್ದೆ.

ಮನೆಗೆ ಬಂದು ಬಾಗಿಲು ಹಾಕಿದ್ದೇ ತಡ, "ಹನ್ನೊಂದು ಪೂರಿ ತಿಂದೀರಲ್ರಿ!" ಎಂದೆ.

"ತಾಟಿಗೆ ಬಿದ್ದದ್ದು ಹೆಂಗ ಬಿಡ್ಲಿ?"

"ಎಲ್ಲಾ ಒತ್ತಿದ್ರೇನು?"

"ಪೇಪರ್ ಎರಡ ಇದ್ದವು. ನಾಕ ಪೂರಿಗೆ ತೊಯ್ದು ಹೋದವು."

"ಪೇಪರ್ ಮುಗದ್ರ ಕಿಸೇದಾಗ ಕರ್ಚೀಫ್ ಇದ್ದಿದ್ದಿಲ್ಲೇನು?" ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಂದೆ.

ಅವರು "ಖರೇನ ಅದ ನೋಡು. ಇದು ನನಗ ಹೊಳೀಲೇ ಇಲ್ಲ" ಎಂದು ತಲೆಯಾಡಿಸಿದರು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ನನ್ನ ಮಾತನ್ನು ಅವರು ಅಷ್ಟು ಬೇಗ ಒಪ್ಪಿಕೊಂಡದ್ದು ಅದೇ ಮೊದಲು. ನನಗೆ ಆಗಲೇ ಅನುಮಾನ ಬರಬೇಕಾಗಿತ್ತು.

ಎಣ್ಣೆ ವಾಪಸು ಕೊಟ್ಟ ಪೂರಿ

ಇನ್ನು ಹೊರಗೆ ಏನೂ ಬೇಡ, ವಾರಕ್ಕೊಮ್ಮೆ ಮನೆಯಲ್ಲೇ ಎಂದು ತೀರ್ಮಾನವಾಯಿತು. ಕರಿಯುವುದು ಅತ್ತೆ, ಅಳೆಯುವುದು ನಾನು. ಕರಿಯುವ ಮೊದಲು ಅಳತೆ ಜಾಡಿಯಿಂದ ಎಣ್ಣೆ ಅಳೆದು ಹಾಕುವುದು, ಆರಿದ ಮೇಲೆ ಉಳಿದದ್ದನ್ನು ಅಳೆಯುವುದು. ಎಷ್ಟು ಕಡಿಮೆಯಾಗಿದೆಯೋ ಅಷ್ಟನ್ನು ಪೂರಿ ಕುಡಿದಿದೆ. ಅಲ್ಲದೆ ಪ್ರತಿ ಘಾಣಕ್ಕೆ, ಅಂದರೆ ಕಡಾಯಿಗೆ ಒಮ್ಮೆ ಬಿಟ್ಟಷ್ಟಕ್ಕೆ, ಒಂದು ಪೂರಿಯನ್ನು ಫಿಲ್ಟರ್ ಪೇಪರಿನಲ್ಲಿ ಒತ್ತಿ, ಪೇಪರನ್ನು ಕಿಟಕಿಯ ಬೆಳಕಿಗೆ ಹಿಡಿದು, ಜಿಡ್ಡಿನ ಉಂಗುರದ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದಿಡುವುದು.

ಅತ್ತೆಯವರು ನನ್ನ ಜಾಡಿಯನ್ನು ಆಸ್ಪತ್ರೆಯ ಸಾಮಾನಿನ ಹಾಗೆ ನೋಡಿದರು. "ಹಿಟ್ಟು ಗಟ್ಟಿ ಕಲಸು, ಒಣಾ ಹಿಟ್ಟು ಹಚ್ಚದ ಲಟ್ಟಸು, ಎಣ್ಣಿ ಛಲೋ ಕಾಯಿಸು. ಇಷ್ಟ ಅದ. ಇದಕ್ಕ ಕಾಗದಾ ಪತ್ರಾ ಯಾಕ ಬೇಕವಾ?"

"ಅತ್ತ್ಯಾರ, ಇದು ಅವರ ಎದೀ ಪ್ರಶ್ನಿ" ಎಂದೆ. ಮಾತು ಸ್ವಲ್ಪ ಬಿರುಸಾಗಿಯೇ ಬಂತು. ಅವರು ಕಡಾಯಿಯ ಕಡೆ ತಿರುಗಿ ಕರಿಯತೊಡಗಿದರು.

ಹದಿನೈದು ಪೂರಿಯಾದವು. ಎಣ್ಣೆ ಆರಿತು. ಜಾಡಿಗೆ ಸುರಿದೆ. ಹಾಕಿದ್ದು ಏಳುನೂರ ಐವತ್ತು ಮಿಲಿ, ಈಗ ಇದ್ದದ್ದು ಏಳುನೂರ ತೊಂಬತ್ತು! ಜಾಡಿಯನ್ನು ಸಪಾಟು ಕಟ್ಟೆಯ ಮೇಲಿಟ್ಟು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಮತ್ತೆ ನೋಡಿದೆ. ಅಷ್ಟೇ. ನಾನು ವಿದ್ಯಾರ್ಥಿಗಳಿಗೆ ಇಷ್ಟು ವರ್ಷ ಹೇಳಿಕೊಟ್ಟದ್ದೆಲ್ಲ ಸುಳ್ಳೇ ಅನ್ನಿಸಿತು. ಪೂರಿ ಎಣ್ಣೆ ಕುಡಿಯುವುದಿರಲಿ, ತನ್ನ ಕೈಯಿಂದಲೇ ನಲವತ್ತು ಮಿಲಿ ಕೊಟ್ಟಿದೆ.

ನಮ್ಮವರಿಗೆ ಭಾರಿ ಖುಷಿ. "ಹಂಗಾದ್ರ ನಾ ಇನ್ನಷ್ಟು ತಿಂದ್ರ ನನ್ನ ಮೈಯಾಗಿನ ಕೊಬ್ಬೂ ಹೊರಗ ಬರ್ತದೇನು?" ಎಂದು ಮೂರನೆಯ ಪೂರಿಗೆ ಕೈಹಾಕಿದರು. ನಾನು ಕೈ ಸರಿಸಿದೆ.

ನಾನು ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಅತ್ತೆಯವರು ಅವರೆಕಾಯಿ ಸುಲಿಯುತ್ತ ಸಹಜವಾಗಿ ಹೇಳಿದರು: "ನೀ ಕಾಗದಾ ಹಿಡಕೊಂಡು ಕಿಟಕಿಗೆ ಹೋದಾಗೆಲ್ಲಾ ಡಬ್ಬೀಲೆ ಒಂದೀಟು ಹಾಕ್ತಿದ್ದೆ. ಎಣ್ಣಿ ಕಮ್ಮಿ ಇದ್ರ ಪೂರಿ ಬಿಟ್ಟ ಕೂಡ್ಲೇ ಕಾವು ಇಳೀತದ. ಕಾವು ಇಳಿದ ಎಣ್ಣೀನ ಪೂರಿ ಕುಡಿಯೂದು."

"ಅಯ್ಯ, ನಾ ಅರ್ಧಾ ತಾಸಿನಿಂದ ಒದ್ದಾಡ್ಲಿಕತ್ತೀನಿ. ಮೊದಲ ಯಾಕ ಹೇಳಲಿಲ್ರಿ?"

"ನೀ ಜಾಡಿಗೆ ಕೇಳಲಿಕತ್ತಿದ್ದಿ. ನನಗೆಲ್ಲಿ ಕೇಳಿದಿ?"

ಎಣ್ಣೆಯಿಲ್ಲದ ಯಂತ್ರ

ಮೂರು ದಿನ ಮಾತು ಬಿಟ್ಟೆವು. ಸಿಟ್ಟಿನಲ್ಲೇ ನಾನು ಏರ್ ಫ್ರೈಯರ್ ತಂದೆ. ಬಿಸಿ ಗಾಳಿಯಲ್ಲೇ ಕರಿಯುವ ಯಂತ್ರ, ಎಣ್ಣೆಯೂ ಬೇಡ, ಅತ್ತೆಯೂ ಬೇಡ. ಮೊದಲ ಪ್ರಯೋಗಕ್ಕೆ ನಮ್ಮವರು ಮೆಣಸಿನಕಾಯಿ ಭಜಿ ಕೇಳಿದರು. ಕಡಲೆಹಿಟ್ಟು ಕಲಸಿ, ಉದ್ದನೆಯ ಮೆಣಸಿನಕಾಯಿ ಅದ್ದಿ, ಜಾಲರಿಯ ಬುಟ್ಟಿಯಲ್ಲಿ ಸಾಲಾಗಿ ಮಲಗಿಸಿ ಗುಂಡಿ ಒತ್ತಿದೆ. ಯಂತ್ರ ಗುಂಯ್ ಎಂದಿತು. ಅತ್ತೆಯವರು ಜಪಮಾಲೆ ಬಿಟ್ಟು ಬಂದು ನನ್ನ ಹಿಂದೆ ನಿಂತರು.

ಹದಿನೈದು ನಿಮಿಷಕ್ಕೆ ಗಂಟೆ ಹೊಡೆಯಿತು. ಬುಟ್ಟಿ ಎಳೆದೆ. ಹಿಟ್ಟೆಲ್ಲ ತೂತುಗಳಿಂದ ಕೆಳಗಿಳಿದು ತಳದಲ್ಲಿ ಒಂದೇ ದಪ್ಪ ರೊಟ್ಟಿಯಾಗಿ ಕೂತಿತ್ತು. ಮೇಲೆ ಹತ್ತು ಮೆಣಸಿನಕಾಯಿ ಮೈಮೇಲೆ ಬಟ್ಟೆಯಿಲ್ಲದೆ ಮುದುಡಿ ಮಲಗಿದ್ದವು.

ಅತ್ತೆಯವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಮೂರು ದಿನದ ಮೌನ ಮುರಿದು, "ಭಾಳ ಛಲೋ ಮಷೀನ್ ಅದ. ಎಣ್ಣೀನೂ ತಗೀತು, ಹಿಟ್ಟೂ ತಗೀತು. ಇನ್ನ ಮೆಣಸಿನಕಾಯಿ ಒಂದು ತಗದ್ರ ಡಾಕ್ಟರ್ ಹೇಳಿದ್ದು ಪೂರಾ ಆಗ್ತದ" ಎಂದರು.

ಮರಳಿ ಬಂದ ಚಕ್ಲಿ

ದೀಪಾವಳಿ ಬಂತು. ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರೂ ಎಲ್ಲರಿಗೂ ಫರಾಳದ, ಅಂದರೆ ಹಬ್ಬದ ತಿಂಡಿಯ ತಾಟು ಕೊಡುತ್ತಾರೆ, ಚಕ್ಲಿ, ಕರಂಜಿ ಎನ್ನುವ ಕರ್ಜಿಕಾಯಿ, ಶಂಕರಪಾಳಿ ತುಂಬಿ. ತಾಟು ಖಾಲಿ ಮರಳಬಾರದು ಎನ್ನುವುದು ರೂಢಿ. ರಕ್ತಪರೀಕ್ಷೆಗೆ ಇನ್ನು ಮೂರೇ ವಾರ. ನನಗೆ ಊಟದ ರುಚಿ ಹೋಗಿತ್ತು. ಇವರು ಮೆಟ್ಟಿಲು ಹತ್ತಿ ಬಂದು ಒಂದು ಕ್ಷಣ ನಿಂತರೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಹಿಟ್ಟಿಗೆ ಕಾದ ಎಣ್ಣೆ ಹಾಕಿ ಕಲಸಿದರಲ್ಲವೇ ಚಕ್ಲಿಯಲ್ಲಿ ಎಣ್ಣೆ ಹೆಚ್ಚಾಗುವುದು? ಅದನ್ನೇ ಬಿಟ್ಟರೆ? ಅತ್ತೆಯವರು ಸ್ನಾನಕ್ಕೆ ಹೋದಾಗ ಎಣ್ಣೆಯಿಲ್ಲದೆ ಬರೀ ಬಿಸಿನೀರಿನಲ್ಲಿ ಹಿಟ್ಟು ಕಲಸಿಟ್ಟೆ.

ಕರಿದಾಗ ನೋಡಲು ಚೆನ್ನಾಗಿಯೇ ಇದ್ದವು. ಪೇಪರಿನಲ್ಲಿ ಒತ್ತಿದರೆ ಉಂಗುರವೇ ಇಲ್ಲ. ನನಗೆ ಹೆಮ್ಮೆ. ರುಚಿ ನೋಡುವ ತಾಳ್ಮೆಯಿಲ್ಲದೆ ಎದುರು ಮನೆಗೆ ತಾಟು ಕಳಿಸಿಬಿಟ್ಟೆ.

ಎದುರು ಮನೆಯ ಕಾಕಾ ನಿವೃತ್ತ ಮಾಸ್ತರರು. ಮೆಟ್ಟಿಲು, ಲಿಫ್ಟು, ಪಾರ್ಕಿಂಗು, ಎಲ್ಲಿ ನೋಡಿದರೂ ಅವರ ಕೈಬರಹದ ಪಾಟಿ, ಅಂದರೆ ಸೂಚನೆಯ ಫಲಕ. 'ಇಲ್ಲಿ ಚಪ್ಪಲಿ ಬಿಟ್ಟವರು ಬರಿಗಾಲಲ್ಲಿ ಹೋಗಲು ಸಿದ್ಧರಿರಬೇಕು' ಎನ್ನುವಂಥವು. ಸಂಜೆಗೆ ನಮ್ಮ ತಾಟು ಮರಳಿತು, ಅವರ ಮನೆಯ ಕರಂಜಿ ತುಂಬಿಕೊಂಡು. ಮೂಲೆಯಲ್ಲಿ ನನ್ನ ಚಕ್ಲಿಗಳು ಹಾಗೇ ಇದ್ದವು, ಮೇಲೊಂದು ಚೀಟಿ. ಮರಾಠಿಯ ಮುತ್ತಿನಂಥ ಅಕ್ಷರ. ನಮ್ಮವರು ಓದಿ ಕನ್ನಡದಲ್ಲಿ ಹೇಳಿದರು: "ತಮ್ಮ ಚಕ್ಲಿಗಳನ್ನು ಯಾವುದೇ ಹಾನಿಯಾಗದಂತೆ ಮರಳಿಸಿದ್ದೇವೆ. ಹಾನಿ ನಮ್ಮ ಕಡೆ ಆಗಿದೆ. ಹಲ್ಲಿನ ಡಾಕ್ಟರರು ಹಬ್ಬದ ರಜೆ ಮುಗಿಸಿ ಸೋಮವಾರ ಬರುತ್ತಾರೆ."

ಅತ್ತೆಯವರು ಒಂದು ಚಕ್ಲಿ ಎತ್ತಿ ಕಟ್ಟೆಗೆ ಕುಟ್ಟಿದರು. ಟಣ್ ಎಂದಿತು. "ಹಿಟ್ಟಿಗೆ ಕಾದ ಎಣ್ಣಿ ಹಾಕಿಲ್ಲ ಹೌದಿಲ್ಲೋ?" ಎಂದರು. "ಏನೂ ಹಾಕದಿದ್ರ ಕಲ್ಲಾಗ್ತದ, ಭಾಳ ಹಾಕಿದ್ರ ಎಣ್ಣಿ ಕುಡೀತದ. ನನ್ನ ಕೇಳಿದ್ರ ನಿನ್ನ ಗಂಟೇನು ಹೋಗ್ತಿತ್ತು?"

ನನಗೆ ತಡೆಯಲಾಗಲಿಲ್ಲ. "ನಿಮ್ಮ ಕೈಯಾಗ ಬಿಟ್ಟಿದ್ದಕ್ಕ ಅವರ ಎದಿ ಹಂಗಾತು" ಎಂದುಬಿಟ್ಟೆ. ಅಂದ ಮರುಕ್ಷಣವೇ ನಾಲಗೆ ಕಚ್ಚಿಕೊಂಡೆ. ಅತ್ತೆಯವರು ಚಕ್ಲಿ ಕೆಳಗಿಟ್ಟರು. "ಆತು. ರಿಪೋರ್ಟ್ ಕೆಟ್ಟ ಬಂದ್ರ ನಾ ಮತ್ತ ಕಡಾಯಿ ಮುಟ್ಟೂದಿಲ್ಲ" ಎಂದು ಒಳಗೆ ಹೋದರು. ಈ ಜಗಳ ಆ ದಿನ ನಗುವಿನಲ್ಲಿ ಮುಗಿಯಲಿಲ್ಲ. ನಮ್ಮವರು ಮಾತ್ರ ಎರಡು ಕಡೆಗೂ ಸೇರದೆ ಬಾತ್‌ರೂಮಿಗೆ ಹೋಗಿ ತಮ್ಮ ಕರ್ಚೀಫ್ ತಾವೇ ಒಗೆದುಕೊಂಡರು. ಗಣಪತಿ ಹಬ್ಬವಾದಾಗಿನಿಂದ ಅದೊಂದು ಹೊಸ ರೂಢಿ. ಕಾಯಿಲೆ ಮನುಷ್ಯನಿಗೆ ಎಷ್ಟು ಕಲಿಸುತ್ತದೆ ಎಂದುಕೊಂಡಿದ್ದೆ.

ರಿಪೋರ್ಟು

ರಿಪೋರ್ಟಿನ ದಿನ ಬಂತು. ಅತ್ತೆಯವರು ತಾವೂ ಬರುತ್ತೇನೆಂದರು, ಹೊಸ ಸೀರೆ ಉಟ್ಟು, ಸಾಕ್ಷಿಗೆ ಹೊರಟವರಂತೆ. ನಮ್ಮವರು ಯೆರವಡಾದ ಐಟಿ ಪಾರ್ಕಿನಲ್ಲಿ ಲಿಫ್ಟ್ ನೋಡಿಕೊಂಡು ಅಲ್ಲಿಂದಲೇ ನೇರವಾಗಿ ಬಂದರು. ಮೂವರೂ ಡಾಕ್ಟರ ಎದುರು ಕೂತೆವು. ಅವರು ಹಾಳೆ ಬಿಡಿಸಿ ಓದಿದರು. ಮತ್ತೆ ಮೊದಲಿಂದ ಓದಿದರು. ಪೆನ್ನಿನ ತುದಿಯನ್ನು ಒಂದು ಸಾಲಿನ ಮೇಲೆ ಇಟ್ಟು, "ಹ್ಂ... ಮನೆಯಲ್ಲಿ ಕರಿದದ್ದು ನಿಜವಾಗಿ ಎಷ್ಟು ಕೊಡುತ್ತಿದ್ದಿರಿ?" ಎಂದು ಮರಾಠಿಯಲ್ಲಿ ಕೇಳಿದರು.

ಸ್ಟೆಂಟ್ ಹಾಕಿದ ದಿನವೇ ಕಣ್ಣ ಮುಂದೆ ಬಂತು. ಮತ್ತೆ ಆ ಬಿಳಿ ದೀಪದ ಕೋಣೆ, ಮತ್ತೆ ಹೊರಗಿನ ಬೆಂಚಿನ ಮೇಲೆ ನಾನು. ಬಾಯಿ ತೆರೆಯುವಷ್ಟರಲ್ಲಿ ಅತ್ತೆಯವರು ಎದ್ದು ನಿಂತರು. ಅವರ ಮರಾಠಿ ಅರ್ಧ ಕನ್ನಡ. "ಡಾಕ್ಟರ್, ತಪ್ಪು ನಂದು. ಎರಡು ಅಂತ ಹೇಳಿದ್ರಿ. ಎರಡು ಸಲ ಮೂರನೇದು ನಾನ ಕೊಟ್ಟೀನಿ. ಸೊಸೀದು ಏನೂ ತಪ್ಪಿಲ್ಲ. ಆಕಿ ಎಣ್ಣಿ ಅಳದ ಹಾಕ್ತಾಳ, ಪೂರಿ ಒತ್ತಿ ನೋಡ್ತಾಳ. ಇಂಥಾಕಿ ಯಾರ ಮನ್ಯಾಗೂ ಇಲ್ಲ."

ನನಗೆ ಅಳು ಬಂತು. "ಇಲ್ಲ ಡಾಕ್ಟರ್, ಅವರದ್ದಲ್ಲ, ನಂದು. ದೀಪಾವಳಿಗೆ ಬಂದ ಕರಂಜಿ ಮುಖ ನೋಡಲಾರದೆ ನಾನೇ ಒಂದು ಕೊಟ್ಟೆ. ನಮ್ಮ ಅತ್ತೆಯವರು ಕರಿದದ್ದರಲ್ಲಿ ಜಿಡ್ಡೇ ಇರುವುದಿಲ್ಲ. ಉಂಗುರ ಎಲ್ಲ ಬರೆದಿಟ್ಟಿದ್ದೇನೆ" ಎಂದು ಪರ್ಸಿನಿಂದ ಪೆನ್ಸಿಲ್ ಗೆರೆಯ ಪೇಪರಿನ ಕಟ್ಟು ತೆಗೆದು ಮೇಜಿನ ಮೇಲಿಟ್ಟೆ.

ಡಾಕ್ಟರು ಎರಡೂ ಕೈ ಎತ್ತಿದರು. "ಅಹೋ, ಸ್ವಲ್ಪ ಕೇಳಿ! ಇಳಿದಿದೆ. ಸದ್ಯಕ್ಕೆ ಒಳಗೆ ನೋಡುವ ಅಗತ್ಯವಿಲ್ಲ. ಅದೇ ಗುಳಿಗೆ ಸಾಕು. ಮನೆಯಲ್ಲಿ ಇಷ್ಟೆಲ್ಲ ಮಾಡಿದ್ದೀರಿ ಅಂದಮೇಲೆ ಇನ್ನೂ ಸ್ವಲ್ಪ ಇಳಿಯಬೇಕಾಗಿತ್ತು, ಅಷ್ಟೇ ನನ್ನ ಪ್ರಶ್ನೆ."

ಅತ್ತೆಯವರು ಕುರ್ಚಿಯಲ್ಲಿ ಕುಸಿದು ಕೂತು ನನ್ನ ಕೈ ಹಿಡಿದರು. ಮೂರು ತಿಂಗಳಲ್ಲಿ ಮೊದಲ ಸಲ ನಾನು ಸರಿಯಾಗಿ ಉಸಿರು ಬಿಟ್ಟೆ. ನಮ್ಮವರೂ ಉಸಿರು ಬಿಟ್ಟರು. ಮುಖದ ತುಂಬ ಬೆವರು. ಜೇಬಿನಿಂದ ಕರ್ಚೀಫ್ ತೆಗೆದು ಹಣೆ, ಕೆನ್ನೆ, ಕುತ್ತಿಗೆ ಚೆನ್ನಾಗಿ ಒರೆಸಿಕೊಂಡರು.

ಒರೆಸಿದಷ್ಟೂ ಮುಖ ಹೊಳೆಯತೊಡಗಿತು. ಜೊತೆಗೆ ಕೋಣೆಯ ತುಂಬ ಬೆಳ್ಳುಳ್ಳಿ ಹಾಕಿದ ಬಟಾಟೆ ವಡೆಯ ವಾಸನೆ. ಡಾಕ್ಟರು ಮೂಗರಳಿಸಿದರು. ನಾನು ಕರ್ಚೀಫ್ ಕಿತ್ತುಕೊಂಡು ಬಿಡಿಸಿದೆ. ಬಿಳಿ ಬಟ್ಟೆಯ ಮೇಲೆ ಅರಿಶಿನ ಬಣ್ಣದ ಉಂಗುರಗಳು, ಒಂದರ ಪಕ್ಕ ಒಂದು. ಆ ದಿನದವು ಎರಡು ಇನ್ನೂ ಹಸಿ. ಅದರ ಹಿಂದೆ ಒಗೆದರೂ ಹೋಗದ ಮಾಸಲು ಉಂಗುರಗಳು, ಮೂರು ತಿಂಗಳವು.

"ಏನ್ರಿ ಇದು?" ನನ್ನ ದನಿ ಹೊರಗಿನ ಪೇಷಂಟುಗಳಿಗೂ ಕೇಳಿರಬೇಕು.

"ಐಟಿ ಪಾರ್ಕಿನ ಗೇಟಿನಾಗ ವಡೇದ ಗಾಡಿ ನಿಂದರ್ತದ" ಎಂದು ಅವರು ತಗ್ಗಿದ ದನಿಯಲ್ಲಿ ಶುರುಮಾಡಿದರು. ಆಮೇಲೆ ನೇರವಾಗಿ ಡಾಕ್ಟರ ಕಡೆ ತಿರುಗಿ, ಆಣೆ ಮಾಡುವವರಂತೆ ಎದೆಯ ಮೇಲೆ ಕೈಯಿಟ್ಟು, "ಆದ್ರ ಒಂದೇ ಒಂದು ವಡೀನೂ ಒತ್ತದ ತಿಂದಿಲ್ಲ, ಡಾಕ್ಟರ್. ಕರ್ಚೀಫ್‌ಲೆ ಒತ್ರಿ ಅಂತ ಈಕೀನ ಹೇಳಿದ್ಲು" ಎಂದರು.

ಹೇಳಿದ್ದು ನಾನೇ. ಬಯ್ಯಬೇಕೆನಿಸಿತು, ಅಳಬೇಕೆನಿಸಿತು, ಇವರು ಹೀಗೆ ನನ್ನೆದುರು ಕೂತು ಸಮಜಾಯಿಷಿ ಹೇಳಲು ಬದುಕಿದ್ದಾರಲ್ಲ ಎಂದು ಸಂತೋಷವೂ ಆಯಿತು. ಡಾಕ್ಟರು ರಿಪೋರ್ಟಿನ ಹಿಂದೆ ಮುಖ ಮುಚ್ಚಿಕೊಂಡಿದ್ದರು, ಭುಜ ಮಾತ್ರ ಕುಣಿಯುತ್ತಿತ್ತು.

ಅತ್ತೆಯವರು ನನ್ನ ಕೈಯಿಂದ ಕರ್ಚೀಫ್ ತೆಗೆದುಕೊಂಡರು. ಎದ್ದು ಕಿಟಕಿಯ ಹತ್ತಿರ ಹೋಗಿ, ನಾನು ಪೇಪರ್ ಹಿಡಿಯುವ ಹಾಗೆಯೇ ಅದನ್ನು ಬೆಳಕಿಗೆ ಹಿಡಿದರು. ಹಸಿ ಉಂಗುರದ ಸುತ್ತ ಬೆರಳಾಡಿಸಿದರು. ಮೂಸಿ ನೋಡಿದರು. ಮಗನ ಕಡೆ ತಿರುಗಿದಾಗ ಅವರ ಮುಖದಲ್ಲಿ ನಿಜವಾದ ಸಿಟ್ಟಿತ್ತು.

"ಎಣ್ಣಿ ಕಾದಿಲ್ಲ! ಮೂರು ತಿಂಗಳಿಂದ ತಿನ್ಲಿಕತ್ತೀಯಲ್ಲ, ಆ ಗಾಡಿಯಂವಗ ಒಂದು ಮಾತು ಹೇಳಬಾರದೇನೋ?"